ಸತ್ಯವೇದವನ್ನು ಒಟ್ಟಿಗೆ ಕುಳಿತು ಓದೋಣ

ಬೆಳಗಾದರೆ ಮೊಬೈಲಿಗೆ ಸತ್ಯವೇದದ, ಅಂದರೆ ಬೈಬಲಿನ, ವಚನ ಬಂದು ಬೀಳುತ್ತದೆ. ಹೂವಿನ ಚಿತ್ರ, ಅದರ ಕೆಳಗೆ ಕೀರ್ತನೆಯ ಒಂದು ಸಾಲು. ಕಳುಹಿಸಿದವರ ಪ್ರೀತಿ ದೊಡ್ಡದು, ನಾನೂ 'ಆಮೆನ್' ಎಂದು ಉತ್ತರಿಸುತ್ತೇನೆ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ದಿನದ ವಾಕ್ಯಧ್ಯಾನ ಅಷ್ಟಕ್ಕೇ ನಿಂತುಹೋಗಿದೆ. ರಾತ್ರಿ ಚಾಪೆ ಹಾಸಿ, ಒಬ್ಬರು ಅಧ್ಯಾಯ ತೆರೆದು ಓದಿ, ಉಳಿದವರು ಕೇಳುವ ಕುಟುಂಬ ಪ್ರಾರ್ಥನೆಯನ್ನು ಮತ್ತೆ ಹಿಡಿಯೋಣ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಬಿಡಿ ವಚನ ಸಮಾಧಾನ ಕೊಡುತ್ತದೆ, ನಿಜ. ದೇವರು ನಮಗೆ ಕೇಡನ್ನಲ್ಲ, ಹಿತವನ್ನೇ ಬಯಸುತ್ತಾನೆ ಎನ್ನುವ ಯೆರೆಮೀಯ 29:11 ಯಾರಿಗೆ ಗೊತ್ತಿಲ್ಲ? ಇಡೀ ಅಧ್ಯಾಯ ಓದಿ ನೋಡಿ. ಅದು ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ನಿಮ್ಮನ್ನು ಸೆರೆಯೊಯ್ದ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ, ಬಿಡುಗಡೆಗೆ 70 ವರ್ಷ ಕಾಯಬೇಕು ಎಂದೂ ಅದೇ ಪತ್ರ ಹೇಳುತ್ತದೆ. ಆ ಮಾತು ಕೇಳಿದ ಎಷ್ಟೋ ಮಂದಿ ಅದು ನೆರವೇರುವುದನ್ನು ಕಾಣದೆಯೇ ಕಣ್ಣು ಮುಚ್ಚಿರಬೇಕು. ಇಷ್ಟು ತಿಳಿದ ಮೇಲೆ ನನ್ನ ಪಾಲಿಗೆ ಆ ವಚನ ಇನ್ನೂ ಗಟ್ಟಿಯಾಯಿತು.

ಒಬ್ಬರೇ ಓದಿಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ನಮ್ಮ ಬೀದಿಯ ಕೆಲವು ಮನೆಯವರು ಸೇರಿ ರೂತಳ ಪುಸ್ತಕ ಓದಿದೆವು. ಅದರಲ್ಲಿರುವುದು ನಾಲ್ಕೇ ಅಧ್ಯಾಯ. ಎರಡನೆಯದರಲ್ಲಿ, ಪರದೇಶದಿಂದ ಬಂದ ಬಡ ವಿಧವೆ ರೂತಳು ಬೋವಜನ ಹೊಲದಲ್ಲಿ ಹಕ್ಕಲು, ಅಂದರೆ ಕೊಯ್ಲಿನಲ್ಲಿ ಬಿದ್ದುಳಿದ ತೆನೆ, ಆಯುತ್ತಾಳೆ. ಸಿವುಡುಗಳಿಂದ ಕೆಲವು ತೆನೆಗಳನ್ನು ಬೇಕೆಂದೇ ಎಳೆದು ಬಿಡಿ, ಅವಳನ್ನು ಗದರಿಸಬೇಡಿ ಎಂದು ಬೋವಜನು ಆಳುಗಳಿಗೆ ಹೇಳುತ್ತಾನೆ. ಅಲ್ಲಿಗೆ ಬರುತ್ತಲೇ ಒಬ್ಬ ಅಜ್ಜಿ ಓದುತ್ತಿದ್ದ ಹುಡುಗಿಯನ್ನು ತಡೆದು, "ಅದನ್ನು ಇನ್ನೊಮ್ಮೆ ಓದು" ಎಂದರು. ಅವರಿಗೆ ಅಕ್ಷರ ಬಾರದು. ಚಿಕ್ಕಂದಿನಲ್ಲಿ ಬೇರೆಯವರ ರಾಗಿ ಹೊಲಗಳಲ್ಲಿ ಹಕ್ಕಲು ಆಯ್ದವರು. "ಕೈಗೆ ಕೊಟ್ಟಿದ್ದರೆ ಅವಳು ಬೇಡಿದ ಹಾಗಾಗುತ್ತಿತ್ತು. ಬಿದ್ದದ್ದನ್ನು ಆಯ್ದುಕೊಂಡರೆ ಅದು ಅವಳ ದುಡಿಮೆ. ಯಜಮಾನನಿಗೆ ಅದು ಗೊತ್ತಿತ್ತು" ಎಂದರು. ಕೋಣೆಯಲ್ಲಿದ್ದ ಪದವೀಧರರು ಯಾರೂ ಅದನ್ನು ಕಂಡಿರಲಿಲ್ಲ. ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ಆಜ್ಞೆ ಯಾಜಕಕಾಂಡ 19ರಲ್ಲಿದೆ. ಅಂದು ಅದನ್ನೂ ತೆರೆದೆವು. ಯಾಜಕಕಾಂಡವೆಂದರೆ ಬೇಸರದ ಪುಸ್ತಕ ಎನ್ನುತ್ತಿದ್ದವರೇ ಕೇಳಿ ಓದಿಸಿದರು.

ಸತ್ಯವೇದವೇ ಬಯಸುವ ಓದು ಇದು. ಧರ್ಮೋಪದೇಶಕನಾದ ಎಜ್ರನು ಯೆರೂಸಲೇಮಿನ ನೀರುಬಾಗಿಲಿನ ಮುಂದೆ ಗಂಡಸರು ಹೆಂಗಸರೆಲ್ಲ ಕೇಳುವಂತೆ ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದಿದನು. ಕೊಲೊಸ್ಸೆಯವರಿಗೆ ಬರೆದ ಪತ್ರವನ್ನು ಲವೊದಿಕೀಯದ ಸಭೆಯಲ್ಲಿಯೂ ಓದಿಸಬೇಕೆಂದು ಅಪೊಸ್ತಲ ಪೌಲನು ತಿಳಿಸಿದನು. ಕನ್ನಡದ ಕಥೆಯೂ ಬೇರೆಯಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಸತ್ಯವೇದದ ಕನ್ನಡ ಅನುವಾದಕ್ಕೆ ವರ್ಷಗಟ್ಟಲೆ ದುಡಿದರು. ಆಗ ಓದಬಲ್ಲವರು ಕಡಿಮೆ, ಕಿವಿಯಿಂದಲೇ ವಾಕ್ಯ ತಲುಪಬೇಕಿತ್ತು.

ಎಲ್ಲಿಂದ ಆರಂಭಿಸುವುದು? ಮಾರ್ಕನ ಸುವಾರ್ತೆಯಿಂದ. 16 ಅಧ್ಯಾಯ, ದಿನಕ್ಕೆ ಒಂದು, ಗಟ್ಟಿಯಾಗಿ ಓದಿದರೂ ಹತ್ತು ನಿಮಿಷದ ಆಸುಪಾಸು. ಒಬ್ಬೊಬ್ಬರು ಒಂದೊಂದು ವಚನ ಓದಲಿ. ಇಂಗ್ಲಿಷ್ ಮಾಧ್ಯಮದ ಮಕ್ಕಳು ತಡವರಿಸಿದರೆ ಕಾಯಿರಿ, ಕೈಯಿಂದ ಪುಸ್ತಕ ಕಿತ್ತುಕೊಳ್ಳಬೇಡಿ. ಒತ್ತಕ್ಷರ ಗಟ್ಟಿಯಾಗುವುದೂ ಅಲ್ಲಿಯೇ. ದಯವಿಟ್ಟು ಯಾರೊಬ್ಬರೂ ಅದನ್ನು ಪ್ರಸಂಗವಾಗಿ ಮಾಡಬಾರದು. ಭಾನುವಾರ ಸಭಾಪಾಲಕರು ಆ ಕೆಲಸ ಮಾಡುತ್ತಾರೆ. ಇಲ್ಲಿ ಹೆಂಗಸರೂ ಮಕ್ಕಳೂ ಮಾತನಾಡಲಿ, ಅರ್ಥವಾಗದಿದ್ದರೆ ಆಗಲಿಲ್ಲ ಎನ್ನಲಿ. ಕಷ್ಟದ ಭಾಗಗಳನ್ನು ಹಾರಿಸಬೇಡಿ. 88ನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸಮಾಧಾನದ ಮಾತೂ ಇಲ್ಲ. ಕ್ಯಾಲೆಂಡರಿನಲ್ಲಿ ಅದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಮಗನನ್ನು ಕಳೆದುಕೊಂಡ ಮನೆಯಲ್ಲಿ ಅದನ್ನು ಓದಿ, ಆ ತಂದೆ ತಾಯಿಗೆ ತಮ್ಮ ಮಾತನ್ನೇ ಯಾರೋ ಆಡಿದಂತಾಗುತ್ತದೆ.

ಮಕ್ಕಳು ದೂರದ ಊರಿನಲ್ಲಿದ್ದರೆ ಫೋನಿನಲ್ಲಿಯೇ ಓದಿ. ಕಣ್ಣು ಮಂಜಾಗಿ ಪುಸ್ತಕ ಮುಚ್ಚಿಟ್ಟ ಹಿರಿಯರು ಪ್ರತಿ ಸಭೆಯಲ್ಲೂ ಇದ್ದಾರೆ, ವಾರಕ್ಕೊಂದು ಸಂಜೆ ಅವರ ಮನೆಗೆ ಹೋಗಿ. "ಯೆಹೋವನು ನನಗೆ ಕುರುಬನು" ಎನ್ನುವ 23ನೆಯ ಕೀರ್ತನೆ ಅವರಿಗೆ ಬಾಯಿಪಾಠವಾಗಿರುತ್ತದೆ, ಅವರೇ ಹೇಳಲಿ. ನೀವು ಅದರ ಹಿಂದಿನ 22ನ್ನೂ ಮುಂದಿನ 24ನ್ನೂ ಓದಿ ಕೇಳಿಸಿ.