ಅಲರ್ಟ್‌ಮ್ಯಾನೇಜರ್ ಮತ್ತು ಗಿಟ್‌ಹಬ್ ನಡುವೆ ಒಂದು ಸೇತುವೆ ಬೇಕೇ ಬೇಕು

ಸರ್ವರ್‌ಗಳಲ್ಲಿ ತೊಂದರೆಯಾದಾಗ ಬರುವ ಅಲರ್ಟ್‌ಗಳನ್ನು ಗುಂಪು ಮಾಡಿ ಕಳಿಸುವ ತಂತ್ರಾಂಶ ಅಲರ್ಟ್‌ಮ್ಯಾನೇಜರ್. ಅದರ ವೆಬ್‌ಹುಕ್‌ನಲ್ಲಿ (ಅಲರ್ಟ್ ಬಂದಾಗ ಒಂದು ವಿಳಾಸಕ್ಕೆ ಮಾಹಿತಿ ಕಳಿಸುವ ವ್ಯವಸ್ಥೆ) ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಎಪಿಐ ವಿಳಾಸ ಹಾಕಿದರೆ ಸಾಕು, ಇಶ್ಯೂ (ತೊಂದರೆಯ ದಾಖಲೆ) ತಾನಾಗಿ ತೆರೆದುಕೊಳ್ಳುತ್ತದೆ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ಹಾಗಾಗುವುದಿಲ್ಲ. ವೆಬ್‌ಹುಕ್ ಕಳಿಸುವ ಜೇಸನ್ (ಮಾಹಿತಿಯನ್ನು ಜೋಡಿಸಿಡುವ ಪಠ್ಯ) ರೂಪವೇ ಬೇರೆ, ಅದರಲ್ಲಿ ಇಶ್ಯೂಗೆ ಕಡ್ಡಾಯವಾದ ಶೀರ್ಷಿಕೆಯ ಫೀಲ್ಡ್ ಇರುವುದಿಲ್ಲ. ಗಿಟ್‌ಹಬ್ ಅದನ್ನು 422 ಎಂಬ ಎರರ್ ಕೊಟ್ಟು ತಿರಸ್ಕರಿಸುತ್ತದೆ. ನಡುವೆ ಒಂದು ಪುಟ್ಟ ಸರ್ವೀಸ್ ಇರಲೇಬೇಕು.

ಅದರ ನಿಜವಾದ ಕೆಲಸ ಇಶ್ಯೂ ತೆರೆಯುವುದಲ್ಲ, ಒಂದೇ ತೊಂದರೆಗೆ ಎರಡನೇ ಇಶ್ಯೂ ತೆರೆಯದಿರುವುದು. ರಿಪೀಟ್ ಇಂಟರ್ವಲ್ (ಮತ್ತೆ ಕಳಿಸುವ ಅವಧಿ) ಬದಲಿಸದಿದ್ದರೆ ಬಗೆಹರಿಯದ ಅಲರ್ಟ್ 4 ಗಂಟೆಗೊಮ್ಮೆ ಮತ್ತೆ ಬರುತ್ತದೆ. ಹಾಗಾಗಿ ಅಲರ್ಟ್ ಗುಂಪನ್ನು ಗುರುತಿಸುವ ಕೀಯನ್ನು ಇಶ್ಯೂ ವಿವರಣೆಯಲ್ಲಿ ಅಡಗಿಸಿಡಿ. ಹೊಸತು ತೆರೆಯುವ ಮೊದಲು ತೆರೆದಿರುವ ಇಶ್ಯೂಗಳಲ್ಲಿ ಅದನ್ನು ಹುಡುಕಿ, ಸಿಕ್ಕರೆ ಅಲ್ಲೇ ಕಾಮೆಂಟ್ ಸೇರಿಸಿ. ಗಿಟ್‌ಹಬ್‌ನಿಂದ ಇಶ್ಯೂಗಳ ಪಟ್ಟಿ ತರಿಸುವಾಗ ಒಂದು ಪುಟಕ್ಕೆ 30 ಮಾತ್ರ ಬರುತ್ತವೆ, ಕೇಳಿದರೆ ಗರಿಷ್ಠ 100. ಮುಂದಿನ ಪುಟ ಓದದ ಕೋಡ್‌ನಿಂದ ನಕಲುಗಳು ಹುಟ್ಟುತ್ತವೆ. ಅಲರ್ಟ್‌ಗಳನ್ನು ಗುಂಪು ಮಾಡುವ ಲೇಬಲ್‌ಗಳಲ್ಲಿ ಪಾಡ್ (ಕುಬರ್ನೆಟಿಸ್‌ನಲ್ಲಿ ಪ್ರೋಗ್ರಾಂ ಓಡುವ ಘಟಕ) ಹೆಸರನ್ನಂತೂ ಇಡಲೇಬೇಡಿ: ಪಾಡ್ ಬದಲಾದಂತೆಲ್ಲ ಕೀ ಬದಲಾಗಿ ಹೊಸ ಇಶ್ಯೂ ಬೀಳುತ್ತದೆ.

ಸರ್ವೀಸ್ ಗಿಟ್‌ಹಬ್‌ಗೆ ತೋರಿಸುವ ಟೋಕನ್ (ಅನುಮತಿಯ ಗುಪ್ತ ಕೀಲಿ) ಇಶ್ಯೂ ತೆರೆಯುವ ಒಂದು ರೆಪೊಸಿಟರಿಗೆ (ಕೋಡ್ ಸಂಗ್ರಹ) ಸೀಮಿತವಾಗಿರಲಿ. ಆದರೆ ಟೋಕನ್‌ನ ಖಾತೆಗೆ ಅಲ್ಲಿ ಪುಶ್ (ಕೋಡ್ ಸೇರಿಸುವ) ಅಧಿಕಾರ ಇಲ್ಲದಿದ್ದರೆ ಇಶ್ಯೂ ತೆರೆದರೂ ಅದಕ್ಕೆ ಹಾಕಿದ ಲೇಬಲ್‌ಗಳು ಎರರ್ ಇಲ್ಲದೆಯೇ ಬಿಟ್ಟುಹೋಗುತ್ತವೆ. ಲೇಬಲ್ ನಂಬಿ ಹುಡುಕುವವರು ಇಲ್ಲೇ ಎಡವುವುದು.

'ರಿಸಾಲ್ವ್ಡ್' (ಅಲರ್ಟ್ ನಿಂತಿತು ಎಂಬ ಸಂದೇಶ) ಬಂದ ಕೂಡಲೇ ಇಶ್ಯೂ ಮುಚ್ಚಿ ಎಂಬ ಆ ಲೇಖನದ ಸಲಹೆಯನ್ನೂ ನಾನು ಒಪ್ಪುವುದಿಲ್ಲ. ಮೆಮೊರಿ ಸೋರುವ ಪ್ರೊಸೆಸ್ ರೀಸ್ಟಾರ್ಟ್ ಆದರೂ ಅಲರ್ಟ್ ಆರುತ್ತದೆ, ದೋಷ ಕೋಡ್‌ನಲ್ಲೇ ಉಳಿದಿರುತ್ತದೆ. ಕಾಮೆಂಟ್ ಹಾಕಿ ಬಿಡಿ, ಕಾರಣ ಕಂಡವರು ಮುಚ್ಚಲಿ.