ಪಿ.ಟಿ. ಶೂಗೆ ಬಂದ ರಾಜಯೋಗ

ಬೇಸಿಗೆ ರಜೆಯಲ್ಲಿ ಮಡಿಕೇರಿಯ ರಾಜಾಸೀಟಿಗೆ ಬಂದವರು ಸೂರ್ಯ ಮುಳುಗುವುದನ್ನು ನೋಡುವುದು ನಿಲ್ಲಿಸಿ ಬಹಳ ಕಾಲವಾಯಿತು. ಕಟ್ಟೆಯ ಮೇಲೆ ಕೂತು ಕಾಲು ಮುಂದಕ್ಕೆ ಚಾಚಬೇಕು, ಹಿಂದೆ ಬೆಟ್ಟ ಮಸುಕಾಗಬೇಕು, ಬಿಳಿ ಶೂ ಮಾತ್ರ ಫಳಫಳ ಅನ್ನಬೇಕು. ಒಂದಾನೊಂದು ಕಾಲದಲ್ಲಿ ಕೊಡಗಿನ ಅರಸರು ಸಂಜೆ ಕಳೆಯುತ್ತಿದ್ದ ಜಾಗದಲ್ಲಿ ಈಗ ಸಾಲಾಗಿ ಪಾದಗಳ ಫೋಟೋ ಶೂಟ್.

ಅಂಥಾ ಶೂ ಯಾವುದಪ್ಪಾ ಎಂದು ಬಗ್ಗಿ ನೋಡಿದರೆ, ರೆಟ್ರೋ ಸ್ನೀಕರ್ಸ್. ತೆಳ್ಳನೆಯ ರಬ್ಬರ್ ಅಡಿ, ಕ್ಯಾನ್ವಾಸ್ ಮೈ, ಬಿಳಿ ಲೇಸು. ಅಂದರೆ ನಾವು ಶನಿವಾರ ಬೆಳಗ್ಗೆ ಡ್ರಿಲ್ ಮಾಸ್ತರರ ಹೆದರಿಕೆಗೆ ಮೆಟ್ಟುತ್ತಿದ್ದ ಅದೇ ಪಿ.ಟಿ. ಶೂ! ನಮ್ಮ ದೇಶದ ಶಾಲಾ ಮಕ್ಕಳ ವ್ಯಾಯಾಮಕ್ಕೆಂದೇ ಬಾಟಾದವರು 1936ರಲ್ಲಿ ತಯಾರಿಸಿದ ಶೂ ಅದು. ಹೆಸರು ಮಾತ್ರ ಟೆನಿಸ್. ಅದನ್ನು ತೊಟ್ಟು ಟೆನಿಸ್ ಆಡಿದ ಒಬ್ಬ ಹುಡುಗನನ್ನೂ ನಾನು ಕಂಡಿಲ್ಲ. ಶುಕ್ರವಾರ ಸಂಜೆ ತೊಳೆದು ಬಚ್ಚಲೊಲೆಯ ಪಕ್ಕ ಒಣಗಿಸುವುದು, ಬಿಳಿ ಪಾಲಿಶ್ ಖಾಲಿಯಾಗಿದ್ದರೆ ಕ್ಲಾಸಿನಿಂದ ಎಗರಿಸಿದ ಸೀಮೆಸುಣ್ಣ ತಿಕ್ಕುವುದು, ಇದೇ ಗೋಳು. ಆಗಸ್ಟ್ 15ಕ್ಕೆ ಕೊಡಗಿನಲ್ಲಿ ಮಳೆ ಕೇಳಬೇಕೇ? ಧ್ವಜ ಮೇಲೇರುವ ಹೊತ್ತಿಗೆ ಪಾಲಿಶ್ ಕೆಳಗಿಳಿದು, ಸಾವಧಾನ್‌ನಲ್ಲಿ ನಿಂತ ಪ್ರತಿಯೊಬ್ಬನ ಕಾಲ ಬುಡದಲ್ಲೂ ಒಂದೊಂದು ಬಿಳಿ ಹೊಂಡ. ಆ ಶೂವಿನಿಂದ ಪಾರಾಗಲಿಕ್ಕೆಂದೇ ಎಷ್ಟೋ ಜನ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದು.

ಈಗ ಅದೇ ಮಾಲನ್ನು ‘ದಿನಬಳಕೆಗೆ, ಬೇಸಿಗೆಗೆ, ಕೈಗೆಟುಕುವ ದರದಲ್ಲಿ’ ಎಂದು ರೀಲ್ಸ್ ಹುಡುಗನೊಬ್ಬ ಕೂಗುತ್ತಾನೆ. ಕೈ ಎಲ್ಲಿಯವರೆಗೆ ಎಟುಕುತ್ತದೆ ಎಂಬುದು ಸರಕಾರಕ್ಕೂ ಗೊತ್ತಿದೆ: 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಶೇ 5 ಜಿಎಸ್‌ಟಿ, ಅದರ ಮೇಲಿನದಕ್ಕೆ ಶೇ 18. ರೀಲ್ಸ್ ಹುಡುಗನ ಪಟ್ಟಿ ಶುರುವಾಗುವುದೇ ಶೇ 18ರಲ್ಲಿ. ಪಟ್ಟಿಯ ಕೊನೆಗೆ ಹೋದರೆ, ತೋಟದ ಕೆಲಸದವರ ಒಂದು ವಾರದ ಬಟವಾಡೆ ಪೂರಾ ಸುರಿದರೂ ಎಡಗಾಲಿನದೊಂದೇ ಬರುವುದಿಲ್ಲ. ಕಾಫಿಗೆ ರೇಟು ಬಂದ ವರ್ಷ ಸಾಹುಕಾರರ ಮಕ್ಕಳಿಗೆ ಎಟುಕಬಹುದು, ಅದೂ ಕರಿಮೆಣಸಿನ ದುಡ್ಡು ಸೇರಿಸಿಕೊಂಡು.

ಈ ಶೂಗಳ ಜಾತಕ ನೋಡಿದರೆ ಇನ್ನೂ ಮಜಾ. ಅಡಿಡಾಸ್‌ನ ಸಾಂಬಾ ಹುಟ್ಟಿದ್ದು ಹಿಮಗಟ್ಟಿದ ನೆಲದಲ್ಲಿ ಜಾರದೆ ಫುಟ್‌ಬಾಲ್ ಆಡಲಿಕ್ಕೆ. 1917ರಲ್ಲಿ ಬಂದ ಕಾನ್ವರ್ಸ್ ಆಲ್ ಸ್ಟಾರ್ ಬಾಸ್ಕೆಟ್‌ಬಾಲಿನದು. ಜಪಾನಿನ ಒನಿತ್ಸುಕಾ ಟೈಗರ್‌ನ ಮೆಕ್ಸಿಕೊ 66 ಎಂಬುದು 1968ರ ಒಲಿಂಪಿಕ್ಸ್ ಕಡೆಗೆ ಕಣ್ಣಿಟ್ಟು ಮಾಡಿದ್ದು. ಇಷ್ಟೆಲ್ಲ ಆಟಗಳ ಶೂಗಳು ಕೊನೆಗೆ ಒಟ್ಟಾಗಿರುವುದು ಎಲ್ಲಿ? ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ. ಮೈದಾನದಲ್ಲಲ್ಲ, ಗ್ಯಾಲರಿಯಲ್ಲಿ! ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಹಬ್ಬಕ್ಕೆ ಈಗ ಮುನ್ನೂರಕ್ಕೂ ಮೇಲೆ ಕುಟುಂಬಗಳು ತಂಡ ಕಟ್ಟಿಕೊಂಡು ಬರುತ್ತವೆ. ಮೈದಾನದಲ್ಲಿ ತಲೆ ನರೆತ ಮಾವಂದಿರು ಸವೆದ ಶೂನಲ್ಲೇ ಸೋದರಳಿಯಂದಿರ ಜೊತೆ ಬೆವರು ಸುರಿಸಿ ಓಡುತ್ತಿದ್ದರೆ, ಒಲಿಂಪಿಕ್ಸ್ ಶೂ ಏರಿಸಿದವರು ಗ್ಯಾಲರಿಯ ಮೆಟ್ಟಿಲ ಮೇಲೆ ಯಾರೂ ತುಳಿಯದಂತೆ ಕಾಲು ಮಡಚಿ ಕೂತಿರುತ್ತಾರೆ. ಮಧ್ಯಾಹ್ನ ಮೂರಕ್ಕೆ ಮೋಡ ಕವಿದರೆ ಮುಗಿಯಿತು. ಹದವಾಗಿ ನಾಲ್ಕು ಹನಿ ಬೀಳಲೆಂದು ಅಪ್ಪ ಮಳೆದೇವರು ಇಗ್ಗುತಪ್ಪನಿಗೆ ಕೈ ಮುಗಿಯುತ್ತಾನೆ. ಮಗ ಶೂ ಬಿಚ್ಚಿ ಕಂಕುಳಿಗೆ ಸಿಕ್ಕಿಸಿ, ಬರಿಗಾಲಲ್ಲಿ ಕಾರಿನತ್ತ ಓಡುತ್ತಾನೆ. ದಿನಬಳಕೆಯ ಶೂ ಎಂದರೆ ಇದು.

ಮಾಂದಲಪಟ್ಟಿ ಬೆಟ್ಟಕ್ಕೆ ಜೀಪಿನಲ್ಲಿ ಹೋದವರದು ಬೇರೆಯೇ ಕಥೆ. ಮೈಯ ಕೀಲೆಲ್ಲ ಸಡಿಲಾದರೂ ಚಿಂತೆಯಿಲ್ಲ, ಇಳಿದವರೇ ಮೊದಲು ನೋಡಿಕೊಳ್ಳುವುದು ಶೂವನ್ನು. ಕೆಂಪು ಧೂಳು ಕಂಡರೆ ಲೀಟರ್ ಬಾಟಲಿಯ ನೀರಿನಲ್ಲಿ ಕರವಸ್ತ್ರ ಅದ್ದಿ ಅಲ್ಲೇ ಅಭಿಷೇಕ. ಕಾವೇರಿ ಹುಟ್ಟಿದ ಜಿಲ್ಲೆಯಲ್ಲಿ, ಬೋರ್‌ವೆಲ್ ಕೆಮ್ಮುವ ತಿಂಗಳಲ್ಲಿ, ಕೊಂಡ ನೀರಿನಿಂದ!

ಅಷ್ಟರಲ್ಲಿ ಇಟಲಿಯಲ್ಲಿ ನಡೆಯುತ್ತಿರುವುದು ಇವರಿಗೆ ತಿಳಿದಂತಿಲ್ಲ. ಅಲ್ಲಿನ ಗೋಲ್ಡನ್ ಗೂಸ್ ಎಂಬ ಕಂಪನಿ ಹೊಚ್ಚ ಹೊಸ ಶೂಗೆ ಕಾರ್ಖಾನೆಯಲ್ಲೇ ಗೀರು ಎಳೆದು, ಕೊಳೆ ಮೆತ್ತಿ, ಹತ್ತಾರು ಸಾವಿರಕ್ಕೆ ಮಾರುತ್ತದೆ. ಕೊಳೆಗೂ ಕಾಸು! ಹಾಗಿದ್ದ ಮೇಲೆ ಕೊಡಗು ಯಾಕೆ ಸುಮ್ಮನೆ ಕೂರಬೇಕು? ಹೋಂಸ್ಟೇಯವರು ಕ್ಯಾಂಪ್‌ಫೈರಿನ ಜೊತೆಗೆ ‘ಅಸಲಿ ಕೊಳೆ ಪ್ಯಾಕೇಜ್’ ಇಡಲಿ. ಏಪ್ರಿಲ್‌ನಲ್ಲಿ ಜೀಪಿನ ಧೂಳು, ಜೂನ್‌ನಲ್ಲಿ ಭಾಗಮಂಡಲದ ಕೆಸರು, ಜುಲೈ ಬಂದರೆ ಜಿಗಣೆ ಕಚ್ಚಿದ ರಕ್ತದ ಕಲೆ. ಕೈಯಿಂದಲೇ ತಯಾರಾದದ್ದು, ಒಂದರಂತೆ ಇನ್ನೊಂದಿಲ್ಲ. ನಮ್ಮ ತೋಟದ ಲೆಕ್ಕ ಬರೆಯುವ ರೈಟರ ಹಳೇ ಗಂಬೂಟನ್ನು ಮಿಲಾನಿಗೆ ಕಳಿಸಿದರೆ ಒಂದು ಮಗಳ ಮದುವೆಯ ಖರ್ಚು ಎದ್ದೀತು.

ಇದನ್ನು ಮೊದಲು ಅರ್ಥ ಮಾಡಿಕೊಂಡದ್ದು ವಿರಾಜಪೇಟೆಯ ಒಬ್ಬ ಚಪ್ಪಲಿ ಅಂಗಡಿಯಣ್ಣ. ಅಟ್ಟದಲ್ಲಿ ಇಲಿ ಓಡಾಡುತ್ತಿದ್ದ ಪಿ.ಟಿ. ಶೂ ಡಬ್ಬಗಳನ್ನು ಇಳಿಸಿ, ಧೂಳು ಕೊಡವದೆ ಹಾಗೇ ಜೋಡಿಸಿ, ಮೇಲೆ ‘ವಿಂಟೇಜ್’ ಎಂದು ಬರೆದು ತೂಗು ಹಾಕಿದ. ರೇಟನ್ನು ಮೂರು ಪಟ್ಟು ಮಾಡಿದ. ಮೊದಮೊದಲು ಬೆಂಗಳೂರಿನ ಒಬ್ಬಳು ಹುಡುಗಿ ಅನುಮಾನದಿಂದ, “ಅಂಕಲ್, ಇದು ಒರಿಜಿನಲ್ಲಾ?” ಅಂದಳಂತೆ. “ಒರಿಜಿನಲ್ ಎಂತ ಕೇಳ್ತೀರಿ, ಡಬ್ಬದಲ್ಲಿ ಇಲಿ ಕಚ್ಚಿದ ಗುರುತೂ ಉಂಟು ನೋಡಿ,” ಅಂದನಂತೆ ಇವನು. ಎರಡು ವಾರಾಂತ್ಯಕ್ಕೆ ಅಟ್ಟ ಖಾಲಿ.

ಜೂನ್ ಮೊದಲ ವಾರ, ತೋಟದ ಕೆಲಸದವರ ಲೈನ್‌ಮನೆಯ ಹುಡುಗನನ್ನು ಕರೆದುಕೊಂಡು ಅವನ ಅಮ್ಮ ಬಂದಳು. ಶಾಲೆಗೆ ಬಿಳಿ ಪಿ.ಟಿ. ಶೂ ಬೇಕು, ಐದನೇ ನಂಬರು.

“ಬಿಳಿದೆಲ್ಲ ಟೂರಿಸ್ಟ್‌ಗಳು ತಕ್ಕೊಂಡು ಹೋದ್ರಕ್ಕ,” ಅಂದ ಅಂಗಡಿಯಣ್ಣ. “ಮಾಸ್ಟ್ರಿಗೆ ಹೇಳಿ, ಈ ಸಲ ಮಕ್ಕಳಿಗೆ ಚಪ್ಪಲಿಯಲ್ಲೇ ಡ್ರಿಲ್ ಮಾಡಿಸ್ಲಿ.”