ಒಂದು ಕೀಲಿ ಹಿಡಿದು ಹೋಗಿ
ವಿಮ್ ಎಂಬ ಟೆಕ್ಸ್ಟ್ ಎಡಿಟರ್ ಬಗ್ಗೆ ನಿಮ್ಮ ಬರಹದಲ್ಲಿ 'ವಿಮ್ ಕೋಡ್ ಅರ್ಥವಾಗಬೇಕಾದರೆ ಮೇನ್.ಸಿ ಫೈಲನ್ನು ಮೊದಲ ಸಾಲಿನಿಂದ ಓದಿ' ಅಂದಿದ್ದೀರಿ. ನಾನು ಒಪ್ಪುವುದಿಲ್ಲ. ದಾವಣಗೆರೆಯ ಹಾಸ್ಟೆಲಿನಲ್ಲಿ ಹಾಗೇ ಓದಲು ಕೂತಿದ್ದೆ, ಎರಡು ರಾತ್ರಿ ಸುಮ್ನೆ ಹೋಯಿತು. ಆಮೇಲೆ ಕೀಲಿಮಣೆಯ ಒಂದೇ ಕೀಲಿ ಹಿಡಿದೆ: ಸಾಲು ಜೋಡಿಸುವ ದೊಡ್ಡ 'ಜೆ'. ಸೋರ್ಸ್ ಫೋಲ್ಡರಿನಲ್ಲಿ 'ಮೇಕ್ ಟ್ಯಾಗ್ಸ್' (ಯಾವ ಫಂಕ್ಷನ್ ಎಲ್ಲಿದೆ ಎಂಬ ಸೂಚಿ ಮಾಡುವ ಆಜ್ಞೆ) ಕೊಟ್ಟು, ಕೀಲಿಗಳ ಪಟ್ಟಿಯಲ್ಲಿ ಅದರ ಪಕ್ಕ ಇದ್ದ 'ಎನ್‌ವಿ_ಜಾಯ್ನ್' ಫಂಕ್ಷನ್ ಹೆಸರಿನ ಮೇಲೆ ಕಂಟ್ರೋಲ್ ಜೊತೆ ] ಒತ್ತಿದೆ. ನೇರ ನಾರ್ಮಲ್.ಸಿಗೆ ಹಾರಿತು. ಅಲ್ಲಿಂದ ಅದು ಕರೆಯುವ ಆಪ್ಸ್.ಸಿಯ 'ಡು_ಜಾಯ್ನ್'ಗೆ. ದಾರಿ ತಪ್ಪಿದರೆ ಕಂಟ್ರೋಲ್-ಟಿ, ವಾಪಸ್. ಚಿತ್ರದುರ್ಗಕ್ಕೆ ಬಂದವರು ಏಳು ಸುತ್ತಿನ ಕೋಟೆಯನ್ನು ಕಲ್ಲು ಕಲ್ಲಾಗಿ ನೋಡುವುದಿಲ್ಲ, ಓಬವ್ವನ ಕಿಂಡಿ ಎಲ್ಲಿ ಅಂತ ಮೊದಲು ಕೇಳುತ್ತಾರೆ, ಅಲ್ವಾ? ಅಂದಹಾಗೆ, ಅದೇ ಫೋಲ್ಡರಿನ ರೀಡ್‌ಮಿ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಯಾವ ಫೈಲಿನಲ್ಲಿ ಏನಿದೆ ಅಂತ ಅದರಲ್ಲೇ ಇದೆ.